ಕಣ್ಣಿಗೆ ಮಿಂಟೋ, ಕೈಗೆ ಎಲ್ಲಿ? ಪಟಾಕಿಯಿಂದ ಒಡೆದ ಕೈಗೆ ಚಿಕಿತ್ಸೆ ನೀಡಿದ ಹ್ಯಾಂಡ್ ಸರ್ಜರಿ ವಿಭಾಗವೊಂದರ ವಿಮರ್ಶೆ

ದೀಪಾವಳಿಯಲ್ಲಿ ಪಟಾಕಿಯ ಕಿಡಿ ಕಣ್ಣಿಗೆ ಬಿದ್ದರೆ ಮಿಂಟೋ ಆಸ್ಪತ್ರೆಗೆ ಓಡಬೇಕು ಎಂಬುದು ಬೆಂಗಳೂರಿನಲ್ಲಿ ಮಾತ್ರವಲ್ಲ, ಸುತ್ತಲಿನ ಜಿಲ್ಲೆಗಳಲ್ಲಿಯೂ ಮನೆಮಾತಾಗಿದೆ. ಅದೇ ಪಟಾಕಿ ಕೈಯಲ್ಲಿ ಸಿಡಿದರೆ ಎಲ್ಲಿಗೆ ಓಡಬೇಕು ಎಂದು ಕೇಳಿದರೆ ಉತ್ತರ ಹೇಳುವವರು ಸಿಗುವುದಿಲ್ಲ. ಕಳೆದ ಬಲಿಪಾಡ್ಯಮಿಯ ರಾತ್ರಿ ನಮಗೂ ಅದು ಗೊತ್ತಿರಲಿಲ್ಲ. ನನ್ನ ತಮ್ಮನಿಗೆ 26 ವರ್ಷ. ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ದ್ವಿಚಕ್ರ ವಾಹನಗಳ ಮೆಕ್ಯಾನಿಕ್. ಹೊತ್ತಿಸಿದ ಆಟಂಬಾಂಬ್ ಸಿಡಿಯದೆ ಉಳಿದಾಗ ಬತ್ತಿ ಆರಿಹೋಗಿದೆ ಎಂದುಕೊಂಡು, ಮಕ್ಕಳು ತುಳಿದಾರೆಂದು ಅದನ್ನು ಬಲಗೈಯಲ್ಲಿ ಎತ್ತಿಕೊಂಡ. ಅದು ಅವನ ಮುಷ್ಟಿಯೊಳಗೇ ಸಿಡಿಯಿತು. ಆ ರಾತ್ರಿಯಿಂದ ಈಚೆಗೆ ಎಂಟು ತಿಂಗಳು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಹ್ಯಾಂಡ್ ಸರ್ಜರಿ ವಿಭಾಗದಲ್ಲಿ ಅವನ ಜೊತೆಗಿದ್ದು ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಹೋದ ಆಸ್ಪತ್ರೆಯ ಲೋಪಗಳನ್ನು ಹೇಳಬೇಕಾಗಿರುವುದರಿಂದಲೂ, ಎರಡನೆಯದರಲ್ಲಿ ಚಿಕಿತ್ಸೆ ಇನ್ನೂ ಮುಗಿಯದಿರುವುದರಿಂದಲೂ ಎರಡರ ಹೆಸರನ್ನೂ ಬರೆಯುತ್ತಿಲ್ಲ. ಇಂತಹ ಗಾಯಕ್ಕೆ ಒಳ್ಳೆಯ ಸೇವೆ ಎಂದರೆ ಏನು, ಅದನ್ನು ಗುರುತಿಸುವುದು ಹೇಗೆ ಎಂಬುದು ಓದುವವರಿಗೆ ತಿಳಿದರೆ ನನಗೆ ಅಷ್ಟೇ ಸಾಕು.

ಸಿಡಿದ ಸದ್ದು ಕೇಳಿ ಓಡಿಬಂದ ನೆರೆಯವರಲ್ಲಿ ಒಬ್ಬರು ಕಾಫಿಪುಡಿ ತಂದರು, ಇನ್ನೊಬ್ಬರು ಅರಿಶಿನ ತಂದರು. ತಡೆಯುವಷ್ಟು ಎಚ್ಚರ ನಮಗೂ ಇರಲಿಲ್ಲ. ಆ ಪುಡಿಯನ್ನು ಅಂಗೈಯ ಒಳಪದರಗಳಿಂದ ತೊಳೆದು ತೆಗೆಯುವುದಕ್ಕೇ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬಹಳ ಹೊತ್ತು ಹಿಡಿಯಿತೆಂದು ಆಮೇಲೆ ತಿಳಿದಾಗ ಆದ ಸಂಕಟ ಇನ್ನೂ ಹೋಗಿಲ್ಲ. ಸ್ವಚ್ಛವಾದ ಒದ್ದೆ ಬಟ್ಟೆಯನ್ನು ಸುತ್ತಿ, ಅಂಗೈಯಿಂದ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿಟ್ಟು ಹೊರಟಿದ್ದರೆ ಸಾಕಾಗಿತ್ತು.

ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಹೋದಾಗ ರಾತ್ರಿ ಒಂಬತ್ತು. ಅಲ್ಲಿದ್ದ ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮಾಡಿದರು. ಟೆಟನಸ್ ಚುಚ್ಚುಮದ್ದು, ಆಂಟಿಬಯಾಟಿಕ್, ನೋವಿನ ಮದ್ದು ಎಲ್ಲವನ್ನೂ ಕೊಟ್ಟರು. ಆದರೆ ನಕ್ಷತ್ರದಂತೆ ಒಡೆದಿದ್ದ ಅಂಗೈಯ ಚರ್ಮದ ಅಂಚುಗಳನ್ನು ಎಳೆದು ಬಿಗಿಯಾಗಿ ಹೊಲಿದು, ಅದರ ಮೇಲೆ ಬಿಗಿಯಾದ ಪಟ್ಟಿ ಸುತ್ತಿದರು. ಉಂಗುರಬೆರಳಿನಲ್ಲಿದ್ದ ಬೆಳ್ಳಿಯ ಉಂಗುರವನ್ನು ತೆಗೆಯಲಿಲ್ಲ. ತುಂಡಾಗಿ ಬಿದ್ದಿದ್ದ ತೋರುಬೆರಳಿನ ಭಾಗವನ್ನು ನಾವು ತಂದಿದ್ದೆವು. ಅದನ್ನು ನೇರವಾಗಿ ಐಸ್ ತುಂಬಿದ ಡಬ್ಬಿಯೊಳಗೆ ಹಾಕಿ ನಮ್ಮ ಕೈಗೆ ಕೊಟ್ಟರು. ಐಸ್ ನೇರವಾಗಿ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ತುಂಡನ್ನು ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಮತ್ತು ನೀರು ಬೆರೆತ ಪಾತ್ರೆಯಲ್ಲಿ ಇಡಬೇಕು. ಹೀಗೆ ತಂಪಾಗಿ ಇಟ್ಟ ಬೆರಳು, ಅದರಲ್ಲಿ ಮಾಂಸಖಂಡ ಇಲ್ಲದಿರುವುದರಿಂದ, ಸುಮಾರು 24 ಗಂಟೆಗಳವರೆಗೂ ಮರುಜೋಡಣೆಗೆ ಯೋಗ್ಯವಾಗಿ ಉಳಿಯಬಲ್ಲದು. ತಂಪಿಲ್ಲದಿದ್ದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ.

ನಾವು ಬೆಂಗಳೂರು ತಲುಪಿದ್ದು ರಾತ್ರಿ ಎರಡೂವರೆಗೆ. ಈ ವಿಭಾಗದ ಬಗ್ಗೆ ನನಗೆ ಗೌರವ ಮೂಡಿದ್ದು ಮೊದಲ ಹದಿನೈದು ನಿಮಿಷಗಳಲ್ಲಿ. ಎಲ್ಲರ ಕಣ್ಣೂ ಆ ಕೈಯ ಮೇಲೆ ನೆಟ್ಟಿದ್ದಾಗ ಕ್ಯಾಶುವಲ್ಟಿಯ ವೈದ್ಯೆ ಕೈಯನ್ನು ಮುಟ್ಟಲೇ ಇಲ್ಲ. ಉಸಿರಾಟ, ರಕ್ತದೊತ್ತಡ, ಎದೆ, ಹೊಟ್ಟೆ ನೋಡಿದರು. ಎರಡೂ ಕಣ್ಣುಗಳ ರೆಪ್ಪೆ ಬಿಡಿಸಿ ಟಾರ್ಚ್ ಹಿಡಿದರು. ತಲೆಯ ಹಿಂದೆ ನಿಂತು ಮೆಲ್ಲಗೆ ಮಾತನಾಡಿ ಕೇಳಿಸುತ್ತದೆಯೇ ಎಂದು ವಿಚಾರಿಸಿದರು. ಬಲಗಿವಿಗೆ ಕೇಳಿಸಲಿಲ್ಲ. ಕಿವಿಯ ತಮಟೆ ಹರಿದಿರುವುದು ಅಲ್ಲೇ ಪತ್ತೆಯಾಯಿತು. ಸ್ಫೋಟದ ಒತ್ತಡದ ಅಲೆಗೆ ಮೊದಲು ತುತ್ತಾಗುವ ಅಂಗಗಳಲ್ಲಿ ಕಿವಿಯ ತಮಟೆಯೂ ಒಂದು, ಕೈಯ ಗಾಯದ ಭೀಕರತೆ ಉಳಿದ ಗಾಯಗಳನ್ನು ಮರೆಸಿಬಿಡುತ್ತದೆ ಎಂದು ಅವರು ಹೇಳಿದರು. ಮೊದಲ ಆಸ್ಪತ್ರೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಹರಿದ ತಮಟೆ ಕೆಲವು ವಾರಗಳಲ್ಲಿ ತಾನಾಗಿಯೇ ಕೂಡಿಕೊಂಡಿತು.

ಆಮೇಲೆ ಹ್ಯಾಂಡ್ ಸರ್ಜನ್ ಬಂದರು. ಉಂಗುರವನ್ನು ಕತ್ತರಿಸಿ ತೆಗೆಸಿದರು, ಪಟ್ಟಿಯನ್ನು ಒಮ್ಮೆ ಮಾತ್ರ ಬಿಚ್ಚಿದರು, ಎರಡೂ ಕಡೆಯಿಂದ ಫೋಟೋ ತೆಗೆದುಕೊಂಡು ಒದ್ದೆ ಗಾಜ್ ಹೊದಿಸಿದರು; ಮತ್ತೆ ಮತ್ತೆ ಬಿಚ್ಚಿ ನೋಡುವುದರಿಂದ ಸೋಂಕೂ ನೋವೂ ಹೆಚ್ಚುತ್ತವೆಯಾದ್ದರಿಂದ ಆ ಮೇಲೆ ಬಂದವರೆಲ್ಲರೂ ಫೋಟೋವನ್ನೇ ನೋಡಿದರು. ಉಳಿದ ಬೆರಳುಗಳ ಪರೀಕ್ಷೆ ಒಂದೊಂದಾಗಿ ನಡೆಯಿತು. ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು ಎಷ್ಟು ಹೊತ್ತಾಗುತ್ತದೆ, ಆಕ್ಸಿಮೀಟರ್ ಸಿಕ್ಕಿಸಿದರೆ ನಾಡಿ ಸಿಗುತ್ತದೆಯೇ, ಬೆರಳಿನ ಎರಡು ಬದಿಗಳಲ್ಲಿಯೂ ಸ್ಪರ್ಶ ಗೊತ್ತಾಗುತ್ತದೆಯೇ, ಪ್ರತಿಯೊಂದು ಗೆಣ್ಣನ್ನೂ ಅವನೇ ಮಡಿಸಬಲ್ಲನೇ ಎಂದು ನೋಡುತ್ತ ಹೋದರು. ಮರಗಟ್ಟಿಸುವ ಚುಚ್ಚುಮದ್ದನ್ನು ಈ ಪರೀಕ್ಷೆ ಮುಗಿಯುವವರೆಗೆ ತಡೆದು, ಮುಗಿದ ಕೂಡಲೇ ಕೊಡಿಸಿದರು. ಮರಗಟ್ಟಿದ ಕೈಯಲ್ಲಿ ನರ ಉಳಿದಿದೆಯೋ ಇಲ್ಲವೋ ಹೇಳಲಾಗುವುದಿಲ್ಲ.

ಎಕ್ಸ್‌ರೇ ತೋರಿಸುತ್ತ ಅವರು ವಿವರಿಸಿದ ಕ್ರಮ ನನಗೆ ಬಹಳ ಉಪಯೋಗವಾಯಿತು. ಮುಷ್ಟಿಯೊಳಗೆ ಸಿಡಿದಾಗ ಅನಿಲ ಹೊರಬರಲು ದಾರಿ ಹುಡುಕುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಅದಕ್ಕೆ ಸುಲಭದ ದಾರಿ. ಹೆಬ್ಬೆರಳನ್ನು ಹಿಂದಕ್ಕೂ ಹೊರಕ್ಕೂ ಕಿತ್ತೆಸೆಯುವಂತೆ ತಳ್ಳಿ, ಆ ಸಂದಿನ ಚರ್ಮವನ್ನೂ ಮಾಂಸಖಂಡವನ್ನೂ ಸೀಳಿ, ಹೆಬ್ಬೆರಳಿನ ಬುಡದ ಕೀಲನ್ನು ತಪ್ಪಿಸುತ್ತದೆ. ತಮ್ಮನಿಗೆ ಆದದ್ದೂ ಹೀಗೆಯೇ: ತೋರುಬೆರಳು ನಡುಗೆಣ್ಣಿನಲ್ಲಿ ಹೋಗಿತ್ತು, ಉಳಿದ ಮೋಟಿನ ಮೂಳೆ ಚೂರಾಗಿತ್ತು, ಹೆಬ್ಬೆರಳಿನ ತುದಿ ಹೋಗಿ ಬುಡದ ಕೀಲು ಸರಿದಿತ್ತು, ನಡುಬೆರಳಿನ ಒಂದು ಬದಿಯ ನರ ಹರಿದಿತ್ತು. ಕಣ್ಣಿಗೆ ಕಾಣುವ ಗಾಯಕ್ಕಿಂತ ಒಳಗಿನ ಗಾಯ ದೊಡ್ಡದಿರುತ್ತದೆ, ಅದರ ಗಡಿ ಎಲ್ಲಿದೆ ಎಂದು ಈ ರಾತ್ರಿ ಯಾರೂ ಹೇಳಲಾರರು, ಎರಡು ದಿನ ಬಿಟ್ಟು ಮತ್ತೆ ತೆರೆದು ನೋಡಲೇಬೇಕು ಎಂದು ಅವರು ಮೊದಲೇ ಹೇಳಿದ್ದರಿಂದ, ಎರಡನೆಯ ಶಸ್ತ್ರಚಿಕಿತ್ಸೆ ಎಂದಾಗ ಮೊದಲನೆಯದು ಕೆಟ್ಟಿತೆಂದು ನಾವು ಹೆದರಲಿಲ್ಲ.

ಅವಸರವಿದ್ದದ್ದು ಇನ್ನೊಂದು ಕಾರಣಕ್ಕೆ. ಕೈಯ ಸಣ್ಣ ಮಾಂಸಖಂಡಗಳು ಹಿಗ್ಗದ ಪೊರೆಯ ಕೋಶಗಳಲ್ಲಿ ಇರುತ್ತವೆ. ಅಂತಹ ಕೋಶಗಳು ಹತ್ತು. ಬಾವು ಬಂದಾಗ ಒಳಗಿನ ಒತ್ತಡ ಏರಿ ರಕ್ತ ಹರಿಯದಂತಾದರೆ ಸುಮಾರು ಆರು ಗಂಟೆಗಳಲ್ಲಿ ಮಾಂಸಖಂಡ ಸಾಯತೊಡಗುತ್ತದೆ. ಬಿಗಿಯಾಗಿ ಹೊಲಿದ ಚರ್ಮ ಅದಕ್ಕೆ ಇನ್ನಷ್ಟು ಒತ್ತಡ ಕೊಟ್ಟಿತ್ತು. ಬೆರಳುಗಳನ್ನು ಮೆಲ್ಲಗೆ ನೇರ ಮಾಡಿದರೂ ತಮ್ಮ ಚೀರುತ್ತಿದ್ದ; ಅದನ್ನು ಕಂಡು ಸರ್ಜನ್ ಬೆಳಗಾಗುವುದನ್ನು ಕಾಯದೆ ನಾಲ್ಕು ಗಂಟೆಗೇ ಒಳಗೆ ಕರೆದುಕೊಂಡರು. ಹಳೆಯ ಹೊಲಿಗೆಗಳನ್ನು ಬಿಚ್ಚಿ, ಕೋಶಗಳನ್ನೂ ಮಣಿಕಟ್ಟಿನ ನರದ ಸುರಂಗವನ್ನೂ ತೆರೆದು ಒತ್ತಡ ಇಳಿಸಿದರು. ಸತ್ತ ಭಾಗವನ್ನೂ ಮದ್ದಿನ ಕರಿಯನ್ನೂ ಕಾಗದದ ಚೂರುಗಳನ್ನೂ ತೆಗೆದರು. ಸರಿದ ಕೀಲನ್ನು ಕೂರಿಸಿ, ಅದು ಅಲುಗದಂತೆ ಹಿಡಿದಿಡುವ ಕೆ-ವೈರ್ ಎಂಬ ಲೋಹದ ತಂತಿ ಹಾಕಿದರು. ಹೆಬ್ಬೆರಳು ಅಂಗೈಯ ಕಡೆಗೆ ಮುದುಡಿ ಅಂಟದಂತೆ ಸಂದನ್ನು ತಂತಿಯಿಂದಲೇ ಅಗಲಿಸಿ ನಿಲ್ಲಿಸಿದರು.

ತುಂಡಾದ ಬೆರಳನ್ನು ಜೋಡಿಸಲಿಲ್ಲ. ಐಸ್‌ನಲ್ಲಿ ಇಟ್ಟದ್ದರಿಂದಲೇ ಹೋಯಿತೇ ಎಂದು ನಾನು ಕೇಳಿದೆ. ಸುಳ್ಳು ಸಮಾಧಾನವನ್ನೂ ಹೇಳದೆ, ಇತರರ ಮೇಲೆ ತಪ್ಪನ್ನೂ ಹೊರಿಸದೆ ಅವರು ಉತ್ತರಿಸಿದರು. ಯಂತ್ರದ ಅಲಗಿನಿಂದ ಕತ್ತರಿಸಿದ ಬೆರಳಿನಲ್ಲಿ ರಕ್ತನಾಳದ ಬಾಯಿ ಸ್ವಚ್ಛವಾಗಿರುತ್ತದೆ. ಸ್ಫೋಟದಲ್ಲಿ ಬೆರಳು ಕಿತ್ತುಬರುವುದರಿಂದ ನಾಳ ಉದ್ದಕ್ಕೂ ಎಳೆದಾಡಿ, ಮೈಕ್ರೋಸ್ಕೋಪಿನ ಕೆಳಗೆ ಸುರುಳಿ ಸುತ್ತಿದ ರಿಬ್ಬನ್ನಿನ ಹಾಗೆ ಕಾಣುತ್ತದೆ. ಅಂತಹ ನಾಳವನ್ನು ಹೊಲಿದರೂ ರಕ್ತ ಹರಿಯುವುದಿಲ್ಲ, ಹೆಪ್ಪುಗಟ್ಟುತ್ತದೆ. ಆದರೆ ಮೋಟಿನ ಬೆನ್ನಿನ ಭಾಗದಲ್ಲಿ ಜೀವವಿದ್ದ ಚರ್ಮವನ್ನು ಅವರು ಕತ್ತರಿಸಿ ಎಸೆಯಲಿಲ್ಲ. ಚೂರಾದ ಮೂಳೆಯನ್ನು ಮಾತ್ರ ತೆಗೆದು, ಆ ಚರ್ಮವನ್ನು ತಿರುಗಿಸಿ ಅಂಗೈಯ ಬರಿದಾದ ಭಾಗಕ್ಕೆ ಹೊದಿಸಿದರು. ಹೋಗಲೇಬೇಕಾದ ಬೆರಳು ಉಳಿಯಬೇಕಾದ ಅಂಗೈಗೆ ಒದಗಿಬಂತು. ಈ ಲೆಕ್ಕಾಚಾರವೇ ಹ್ಯಾಂಡ್ ಸರ್ಜರಿಯನ್ನು ಸಾಮಾನ್ಯ ಗಾಯದ ಚಿಕಿತ್ಸೆಯಿಂದ ಬೇರೆ ಮಾಡುತ್ತದೆ ಎಂದು ನನಗೆ ಅನ್ನಿಸಿದೆ. ಈ ತಿಳಿವಳಿಕೆ ಇಲ್ಲದ ಕಡೆ ಆ ಮೋಟು ಮೊದಲ ರಾತ್ರಿಯೇ ಕಸದ ಬುಟ್ಟಿಗೆ ಹೋಗುತ್ತಿತ್ತು.

ದಕ್ಷಿಣ ಭಾರತದಲ್ಲಿ ಈ ವಿದ್ಯೆಗೆ ಗಟ್ಟಿಯಾದ ಹಿನ್ನೆಲೆಯಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಮಡಿಸಿಹೋದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಹೆಸರಾದರು; ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇಂದು ಜಜ್ಜಿದ, ತುಂಡಾದ ಕೈಗಳ ಚಿಕಿತ್ಸೆಗೆ ದೇಶದಾಚೆಗೂ ಹೆಸರು ಪಡೆದಿದೆ. ಇಷ್ಟು ಹತ್ತಿರದಲ್ಲಿ ಇಷ್ಟು ಪರಿಣತಿ ಇದ್ದೂ ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಅದರ ಸುಳಿವೇ ಇಲ್ಲದಿರುವುದು ನನಗೆ ನೋವಿನ ಸಂಗತಿ. ಗಾಯಾಳುಗಳು ಹಬ್ಬಕ್ಕೆ ಮಾತ್ರ ಬರುವವರೂ ಅಲ್ಲ. ನಮ್ಮ ವಾರ್ಡಿನಲ್ಲೇ ಕಲ್ಲುಕ್ವಾರಿಯ ಡಿಟೊನೇಟರ್ ಸಿಡಿದು ಎಡಗೈಯ ಮೂರು ಬೆರಳು ಕಳೆದುಕೊಂಡ ಕೂಲಿಯೊಬ್ಬರಿದ್ದರು. ಕಾಡುಹಂದಿಗೆಂದು ತೋಟದಂಚಿನಲ್ಲಿ ಇಟ್ಟ ಸಿಡಿಮದ್ದನ್ನು ಏನೋ ಉಂಡೆಯೆಂದು ಎತ್ತಿದ ಮಲೆನಾಡಿನ ಹುಡುಗನೂ ಇದ್ದ.

48 ಗಂಟೆಗಳ ನಂತರದ ಎರಡನೆಯ ನೋಟದಲ್ಲಿ ಹೆಬ್ಬೆರಳಿನ ಬುಡದ ಮಾಂಸಖಂಡದ ಒಂದು ಭಾಗ ಸತ್ತಿರುವುದು ಕಂಡು ಅದನ್ನು ತೆಗೆದರು. ಐದನೆಯ ದಿನ ಗಾಯ ಸ್ವಚ್ಛವಾದ ಮೇಲೆ ಹರಿದ ನರಕ್ಕೆ ಕಾಲಿನಿಂದ ತೆಗೆದ ನರದ ತುಣುಕನ್ನು ಸೇರಿಸಿದರು, ಹೆಬ್ಬೆರಳಿನ ಸಂದಿಗೆ ತೊಡೆಸಂದಿನ ಚರ್ಮವನ್ನು ಹೊಲಿದರು. ಇದನ್ನು ಗ್ರಾಯಿನ್ ಫ್ಲ್ಯಾಪ್ ಎನ್ನುತ್ತಾರೆ. 1972ರಿಂದ ಬಳಕೆಯಲ್ಲಿರುವ ವಿಧಾನ. ಚರ್ಮವನ್ನು ಕೊಬ್ಬಿನ ಸಮೇತ ಒಂದು ಪಟ್ಟಿಯಾಗಿ ಎಬ್ಬಿಸಿ, ಒಂದು ತುದಿಯನ್ನು ಅದರ ರಕ್ತನಾಳದೊಂದಿಗೆ ಸೊಂಟದಲ್ಲೇ ಉಳಿಸಿ, ಇನ್ನೊಂದು ತುದಿಯನ್ನು ಕೈಗೆ ಹೊಲಿಯುತ್ತಾರೆ. ಮೂರು ವಾರ ಕೈ ಸೊಂಟಕ್ಕೆ ಅಂಟಿಕೊಂಡೇ ಇರಬೇಕು. ಅಷ್ಟರಲ್ಲಿ ಕೈಯಿಂದಲೇ ಹೊಸ ರಕ್ತನಾಳಗಳು ಆ ಚರ್ಮದೊಳಗೆ ಬೆಳೆದು ಬರುತ್ತವೆ, ಆಮೇಲೆ ಸೊಂಟದ ಕಡೆಯ ತುದಿಯನ್ನು ಕತ್ತರಿಸುತ್ತಾರೆ.

ಆ ಮೂರು ವಾರಗಳನ್ನು ಕಂಡವರಿಗೇ ಗೊತ್ತು. ಮಗ್ಗುಲಾಗುವ ಹಾಗಿಲ್ಲ, ಎಡಗೈಯಲ್ಲಿ ಮುದ್ದೆ ಮುರಿಯಲು ಬಾರದೆ ತಮ್ಮ ಚಮಚ ಕೇಳುತ್ತಿದ್ದ, ಕೆಮ್ಮು ಬಂದರೆ ಎಲ್ಲಿ ಹೊಲಿಗೆ ಕಿತ್ತುಬರುವುದೋ ಎಂದು ಸೊಂಟವನ್ನು ಒತ್ತಿ ಹಿಡಿಯುತ್ತಿದ್ದ. ಈ ಅವಧಿಯಲ್ಲಿ ದಾದಿಯರೂ ಹ್ಯಾಂಡ್ ಥೆರಪಿಸ್ಟ್ ಕೂಡ ನೋಡಿಕೊಂಡ ರೀತಿಗೆ ಪೂರ್ಣ ಅಂಕ ಕೊಡುತ್ತೇನೆ. ಮೊದಲ ದಿನ ರಾತ್ರಿ ಗಂಟೆಗೊಮ್ಮೆ ಬಂದು ಫ್ಲ್ಯಾಪ್‌ನ ಬಣ್ಣ ನೋಡಿ ಬರೆದಿಟ್ಟರು. ಥೆರಪಿಸ್ಟ್ ದಿನಕ್ಕೆರಡು ಬಾರಿ ಹಾಸಿಗೆಯ ಬಳಿಗೇ ಬಂದು, ಉಂಗುರಬೆರಳು ಮತ್ತು ಕಿರುಬೆರಳನ್ನು ಆಡಿಸಿ, ಭುಜವೂ ಮೊಣಕೈಯೂ ಹಿಡಿದುಕೊಳ್ಳದಂತೆ ನೋಡಿಕೊಂಡರು. ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿದ್ದರೂ ಆಡಿಸದ ಕೈ ಹಲಗೆಯಾಗುತ್ತದೆ ಎಂಬುದು ಅವರ ಮಾತು.

ಮನೆಗೆ ಬಂದ ಮೇಲಿನ ಥೆರಪಿಯನ್ನು ಸೇವೆಯ ಅತ್ಯುತ್ತಮ ಭಾಗವೆಂದೇ ಎಣಿಸುತ್ತೇನೆ. ಬಿಸಿನೀರಿನಲ್ಲಿ ಮೆದುವಾಗುವ ಪ್ಲಾಸ್ಟಿಕ್ ಹಾಳೆಯನ್ನು ನಮ್ಮ ಕಣ್ಣೆದುರೇ ಕೈಗೆ ಒತ್ತಿ ಸ್ಪ್ಲಿಂಟ್ ಮಾಡಿಕೊಟ್ಟರು: ಮಣಿಕಟ್ಟು ಸ್ವಲ್ಪ ಹಿಂದಕ್ಕೆ, ಬೆರಳಿನ ಬುಡದ ಗೆಣ್ಣುಗಳು ಮಡಿಸಿ, ತುದಿಯ ಗೆಣ್ಣುಗಳು ನೇರವಾಗಿ. ಈ ಭಂಗಿಯಲ್ಲಿ ಕೀಲಿನ ಕಟ್ಟುಗಳು ಚಾಚಿಕೊಂಡಿರುವುದರಿಂದ ಮುಂದೆ ಬಿಗಿಯುವುದಿಲ್ಲ. ಮುಟ್ಟಿದರೆ ಉರಿಯುತ್ತಿದ್ದ ಗಾಯದ ಗುರುತನ್ನು ಪಳಗಿಸಲು ಮೂರು ಡಬ್ಬಿಗಳಿದ್ದವು: ಮೊದಲು ಹತ್ತಿ, ಆಮೇಲೆ ರಾಗಿ, ಕೊನೆಗೆ ಅಕ್ಕಿ. ದಿನವೂ ಆ ಡಬ್ಬಿಯೊಳಗೆ ಕೈ ಇಳಿಸಿ ಆಡಿಸಬೇಕು. ರಾಗಿಯಲ್ಲಿ ಕೈಯಿಟ್ಟ ಮೊದಲ ದಿನ ಕಣ್ಣೀರು ಹಾಕಿದ ತಮ್ಮ, ಮೂರನೆಯ ವಾರ ಅದರೊಳಗೆ ಹುದುಗಿಸಿದ ಗುಂಡಿಯನ್ನು ಕಣ್ಣು ಮುಚ್ಚಿ ಹುಡುಕಿ ತೆಗೆದ. ಇಲ್ಲದ ತೋರುಬೆರಳು ರಾತ್ರಿ ನೋಯುತ್ತದೆ ಎಂದಾಗ ಅವರು ಅದನ್ನು ಭ್ರಮೆಯೆಂದು ತಳ್ಳಿಹಾಕದೆ, ಎಡಗೈಯ ಪ್ರತಿಬಿಂಬ ಬಲಗೈಯಂತೆ ಕಾಣುವ ಹಾಗೆ ಕನ್ನಡಿ ಇಟ್ಟು ಅಭ್ಯಾಸ ಮಾಡಿಸಿದರು. ಅವನಿಗೆ ಅದು ಉಪಯೋಗಕ್ಕೆ ಬಂತು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆಯಂತೆ. ನಡುಬೆರಳನ್ನು ಬೆರಳತುದಿಯಿಂದ ತಟ್ಟುತ್ತ, ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ ತಿಂಗಳಿಗೊಮ್ಮೆ ಅಳೆದು ಬರೆದುಕೊಂಡರು. ಆ ಗುರುತು ಮುಂದೆ ಸರಿಯುವುದನ್ನು ನೋಡುವುದೇ ನಮಗೆ ಧೈರ್ಯವಾಗಿತ್ತು.

ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲ ರಾತ್ರಿ ಕೊಟ್ಟ ಅಂದಾಜು ಒಂದು ಶಸ್ತ್ರಚಿಕಿತ್ಸೆಯದು. ಇಂತಹ ಗಾಯಕ್ಕೆ ಕನಿಷ್ಠ ಮೂರು ನಾಲ್ಕು ಬೇಕಾಗುವುದು ಸರ್ಜನ್‌ಗೆ ಗೊತ್ತಿತ್ತು, ನಮಗೂ ಹೇಳಿದ್ದರು. ಬಿಲ್ಲಿಂಗ್ ಕೌಂಟರ್‌ಗೆ ಮಾತ್ರ ಅದು ಗೊತ್ತಿರಲಿಲ್ಲ. ಬಿಲ್ ನಾಲ್ಕು ಲಕ್ಷ ದಾಟಿದಾಗ ನಾವು ಊರಿಗೆ ಓಡಿ ಜಮೀನಿನ ಮೇಲೆ ಸಾಲ ತಂದೆವು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆ ವಿಷಯವನ್ನು ದಾಖಲಾಗುವಾಗಲೇ ಕೇಳಿ ತಿಳಿಯುವ ಏರ್ಪಾಡು ಇಲ್ಲಿ ಇರಲಿಲ್ಲ, ಪಕ್ಕದ ಹಾಸಿಗೆಯ ಕೂಲಿಯವರಿಗೆ ಅದು ತಿಳಿದದ್ದು ನಾಲ್ಕನೆಯ ದಿನ. ಥೆರಪಿಯ ಸಮಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು, ಭಾನುವಾರ ರಜೆ. ಹಾಸನದ ಕಡೆಯಿಂದ ಬರುವವರು ನಸುಕಿನಲ್ಲೇ ಬಸ್ ಹಿಡಿಯಬೇಕು. ಡಿಸ್ಚಾರ್ಜ್ ಹಾಳೆಯೂ ವ್ಯಾಯಾಮದ ಹಾಳೆಯೂ ಇಂಗ್ಲಿಷಿನಲ್ಲಿದ್ದವು. ಸ್ಪ್ಲಿಂಟ್ ಯಾವಾಗ ಬಿಚ್ಚಬೇಕು, ಬಣ್ಣ ಕಪ್ಪಿಟ್ಟರೆ ಏನು ಮಾಡಬೇಕು ಎಂಬ ಎರಡು ಸಾಲನ್ನಾದರೂ ಕನ್ನಡದಲ್ಲಿ ಕೊಡಿ ಎಂದು ಲಿಖಿತವಾಗಿ ಕೇಳಿದ್ದೇನೆ; ಇನ್ನೂ ಆಗಿಲ್ಲ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡ ಕೊರತೆ ಇನ್ನೊಂದು. ದುಡಿಯುವ ಕೈ ಒಡೆದ ಹುಡುಗ ಮೊದಲ ಬಾರಿ ಪಟ್ಟಿ ಬಿಚ್ಚಿದ ಕೈಯನ್ನು ನೋಡುವಾಗ ಅವನ ಪಕ್ಕದಲ್ಲಿ ಮಾತನಾಡಲು ಯಾರೂ ಇರಲಿಲ್ಲ. ಡ್ರೆಸಿಂಗ್ ಮಾಡುತ್ತಿದ್ದವರು ಮೊದಲೇ ಎಚ್ಚರಿಸದೆ ಗಾಜ್ ಎತ್ತಿದರು. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದವನು ಎರಡು ದಿನ ಊಟ ಬಿಟ್ಟ. ಇಷ್ಟೊಂದು ಮೈಕ್ರೋಸ್ಕೋಪು, ಇಷ್ಟೊಂದು ಪರಿಣತಿ ಇರುವ ವಿಭಾಗದಲ್ಲಿ ಒಬ್ಬ ಆಪ್ತಸಮಾಲೋಚಕರು ಇಲ್ಲದಿರುವುದನ್ನು ಒಪ್ಪಲು ನನಗೆ ಆಗುವುದಿಲ್ಲ.

ಹಾಗಾದರೆ ಇಂತಹ ಗಾಯವಾದಾಗ ಎಲ್ಲಿಗೆ ಹೋಗಬೇಕು? 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಯಲ್ಲಿ ಜೀವಕ್ಕೆ ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ರಕ್ತ ನಿಲ್ಲಿಸಿಕೊಂಡು, ಸಡಿಲವಾದ ಪಟ್ಟಿಯೊಂದಿಗೆ ಮುಂದಕ್ಕೆ ಹೊರಡುವ ಮುನ್ನ ಫೋನಿನಲ್ಲಿಯೇ ಮೂರು ಪ್ರಶ್ನೆ ಕೇಳಿಕೊಳ್ಳಿ: ರಾತ್ರಿ ಹೊತ್ತಿನಲ್ಲಿಯೂ ಹ್ಯಾಂಡ್ ಸರ್ಜನ್ ಅಥವಾ ಪ್ಲಾಸ್ಟಿಕ್ ಸರ್ಜನ್ ಬರುತ್ತಾರೆಯೇ, ಸೂಕ್ಷ್ಮ ರಕ್ತನಾಳ ಹೊಲಿಯುವ ಮೈಕ್ರೋಸ್ಕೋಪ್ ಇದೆಯೇ, ಹ್ಯಾಂಡ್ ಥೆರಪಿಸ್ಟ್ ಅದೇ ಕಟ್ಟಡದಲ್ಲಿ ಇದ್ದಾರೆಯೇ. ಮೂರಕ್ಕೂ ಹೌದು ಎನ್ನುವ ಕಡೆಗೆ ಒಂದು ಗಂಟೆ ಹೆಚ್ಚಿಗೆ ಪ್ರಯಾಣ ಮಾಡಿದರೂ ನಷ್ಟವಿಲ್ಲ ಎಂಬುದು ನನ್ನ ಅನುಭವ; ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅಥವಾ ಬಾವು ಬಿಗಿಯಾಗಿ ಏರುತ್ತಿದ್ದರೆ ಮಾತ್ರ ಆ ಒಂದು ಗಂಟೆಯೂ ದುಬಾರಿ.

ನಮ್ಮ ವಿಭಾಗಕ್ಕೆ ಐದರಲ್ಲಿ ನಾಲ್ಕು ಅಂಕ. ಕಳೆದ ವಾರದ ಭೇಟಿಯಲ್ಲಿ ಹಿಡಿತ ಅಳೆಯುವ ಯಂತ್ರ ಎಡಗೈಗೆ 36 ಕೆಜಿ ತೋರಿಸಿತು, ಬಲಗೈಗೆ 14. ಹೆಬ್ಬೆರಳಿನ ಮೋಟು ಈಗ ನಡುಬೆರಳಿನ ತುದಿಯನ್ನು ಮುಟ್ಟುತ್ತದೆ. ತಮ್ಮ ತನ್ನ ಗ್ಯಾರೇಜಿನಿಂದ ತಂದಿದ್ದ ಹತ್ತು-ಹನ್ನೆರಡರ ಸ್ಪ್ಯಾನರ್ ಅನ್ನು ಥೆರಪಿಯ ಮೇಜಿನ ಮೇಲೆ ಇಟ್ಟು, ಆ ಎರಡು ಬೆರಳುಗಳ ನಡುವೆ ಹಿಡಿದು, ಹಲಗೆಗೆ ಬಿಗಿದಿದ್ದ ನಟ್ಟನ್ನು ಕಾಲು ಸುತ್ತು ತಿರುಗಿಸಿ ತೋರಿಸಿದ. ಥೆರಪಿಸ್ಟ್ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ, ಮತ್ತೆ ತಿರುಗಿಸಲು ಹೇಳಿದರು. ಸಂದಿನಲ್ಲಿ ಉಬ್ಬಿಕೊಂಡಿರುವ ಫ್ಲ್ಯಾಪ್‌ನ ಕೊಬ್ಬನ್ನು ಇಳಿಸುವ ಶಸ್ತ್ರಚಿಕಿತ್ಸೆ ಗೌರಿ-ಗಣೇಶ ಹಬ್ಬದ ನಂತರಕ್ಕೆ ಗೊತ್ತಾಗಿದೆ.